ಗ್ಯಾದರಿಂಗಿನ ದಿನ ಆ ಹಾಡು ಯಾಕೆ ಕೈಕೊಡುತ್ತದೆ?

ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅಂತಲೇ ಹೆಸರು. ಆಮಂತ್ರಣ ಪತ್ರಿಕೆಯಲ್ಲಿ ‘ಸ್ನೇಹ ಸಮ್ಮೇಳನ’ ಅಂತ ಅಚ್ಚಾಗಿರುತ್ತದೆ, ಬಾಯಲ್ಲಿ ಮಾತ್ರ ಗ್ಯಾದರಿಂಗ್. ನಾನಿರುವುದು ಕುಮಟಾ ಹತ್ತಿರದ ಒಂದು ಹಳ್ಳಿಯಲ್ಲಿ. ಶನಿವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತೇನೆ ಅನ್ನುವ ಒಂದೇ ಕಾರಣಕ್ಕೆ, ಡಿಸೆಂಬರ್ ಬಂದ ಕೂಡಲೇ ಶಾಲೆಯಿಂದ ಹೇಳಿಕೆ ಬರುತ್ತದೆ. ಮಕ್ಕಳಿಗೆ ಒಂದು ಹಾಡು ಕೂರಿಸಿಕೊಡಿ ಅಂತ.

ಹೋದ ವರ್ಷ ಮಕ್ಕಳೇ ಹಾಡು ಆರಿಸಿಕೊಂಡಿದ್ದರು. ಒಂದು ಮಕ್ಕಳ ಸಿನಿಮಾದ ಹಾಡು, ಎಲ್ಲರಿಗೂ ಬಾಯಿಪಾಠ. ಯಾರದೋ ಫೋನಿನಲ್ಲಿ ಕರೋಕೆ ಟ್ರ್ಯಾಕ್ ಇತ್ತು. ಪಲ್ಲವಿ ಚೆನ್ನಾಗಿಯೇ ಹೋಯಿತು. ಚರಣದ ಎರಡನೇ ಸಾಲಿಗೆ ಬಂತು ನೋಡಿ, ಹನ್ನೆರಡು ಮಕ್ಕಳಲ್ಲಿ ಏಳೆಂಟು ಮಂದಿ ಒಮ್ಮೆಲೇ ಸುಮ್ಮನಾದರು. ಇಬ್ಬರು ಕಿರುಚಿದರು. ಮುಂದೆ ನಿಂತಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ ದನಿ ಎಳೆಯಲು ನೋಡಿದಳು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ದನಿ ಬರಲಿಲ್ಲ, ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಮೇಷ್ಟ್ರು, “ಪ್ರಾಕ್ಟೀಸ್ ಸಾಲದು” ಅಂದರು.

ಎಷ್ಟು ಪ್ರಾಕ್ಟೀಸ್ ಮಾಡಿಸಿದರೂ ಅದು ಹಾಗೇ ಆಗುತ್ತಿತ್ತು. ಆ ಹಾಡು ಮಕ್ಕಳು ಕೇಳಲಿ ಅಂತ ಮಾಡಿದ್ದು. ಮಕ್ಕಳ ಸಿನಿಮಾದ ಹಾಡು ಅಂದಮೇಲೆ ಮಕ್ಕಳು ಹಾಡಬಹುದಾದ ಹಾಡು ಅಂತ ನಾವೇ ಸುಮ್ನೆ ಅಂದುಕೊಂಡುಬಿಡುತ್ತೇವೆ. ಎರಡಕ್ಕೂ ಎಲ್ಲಿ ದಾರಿ ಬೇರೆಯಾಗುತ್ತದೆ ಅನ್ನುವುದನ್ನು ನೋಡಲು ಒಂದು ಹಾರ್ಮೋನಿಯಂ ಸಾಕು.

ಭಜನೆಯವರು, ಯಕ್ಷಗಾನದವರು ಶ್ರುತಿಯನ್ನು ಹಾರ್ಮೋನಿಯಂ ಮನೆಯ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯ, ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಒಂದು, ಕಪ್ಪು ಎರಡು, ಬಿಳಿ ಐದು, ಹೀಗೆ. ಒಂದು ಬಿಳಿ ಒಂದರಿಂದ ಮುಂದಿನ ಬಿಳಿ ಒಂದರ ತನಕ ಒಂದು ಸಪ್ತಕ. ನಡುವಿನ ಸಪ್ತಕದ ಬಿಳಿ ಒಂದನ್ನು ಒತ್ತಿದರೆ ಬರುವ ಸ್ವರಕ್ಕೆ ಸೆಕೆಂಡಿಗೆ ಸುಮಾರು 262 ಕಂಪನ. ಬಿಳಿ ಆರಕ್ಕೆ 440. ಮೇಲಿನ ಸಪ್ತಕದ ಬಿಳಿ ಒಂದಕ್ಕೆ 523. ಒಂದು ಸಪ್ತಕ ಹತ್ತಿದರೆ ಕಂಪನ ಎರಡು ಪಟ್ಟು ಆಗುತ್ತದೆ.

ನಮ್ಮ ಗಂಟಲಿನಲ್ಲಿ ಕಂಪಿಸುವುದು ಧ್ವನಿತಂತು. ಗಂಡಸರಲ್ಲಿ ಅದರ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ 12ರಿಂದ 17. ಮಕ್ಕಳಲ್ಲಿ ಅದಕ್ಕಿಂತ ಗಿಡ್ಡ. ಗಿಡ್ಡ ತಂತಿ ಜಾಸ್ತಿ ವೇಗದಲ್ಲಿ ಕಂಪಿಸುತ್ತದೆ. ಹಾಗಾಗಿ ಸುಮ್ಮನೆ ಮಾತಾಡುವಾಗಲೂ ಗಂಡಸಿನ ದನಿ 120ರ ಆಸುಪಾಸಿನಲ್ಲಿದ್ದರೆ ಹೆಂಗಸಿನದು 200ರ ಮೇಲೆ, ಮಕ್ಕಳದು 250ರಿಂದ 300. ಇಲ್ಲೇ ಎಲ್ಲರೂ ಎಡವುವುದು. ಮಕ್ಕಳ ದನಿ ತೆಳು, ಹಾಗಾಗಿ ಎಷ್ಟು ಮೇಲೆ ಬೇಕಾದರೂ ಹೋಗುತ್ತದೆ ಅಂತ ತಿಳಿಯುತ್ತಾರೆ. ಮೇಲೆ ಹೋಗುವುದು ಬೇರೆ, ಅಲ್ಲಿ ನಿಂತು ಅಕ್ಷರ ಹೇಳುವುದು ಬೇರೆ. ಸಂಗೀತ ಕಲಿಯದ ಏಳೆಂಟು ವರ್ಷದ ಮಗು ಆರಾಮಾಗಿ ಹಾಡುವುದು ನಡುವಿನ ಸಪ್ತಕದ ಬಿಳಿ ಎರಡರಿಂದ ಬಿಳಿ ಆರರ ತನಕ. ಎಣಿಸಿದರೆ ಐದು ಬಿಳಿ ಮನೆ. ಸ್ವಲ್ಪ ರೂಢಿ ಇದ್ದರೆ ಕೆಳಗೆ ಒಂದು, ಮೇಲೆ ಎರಡು ಮನೆ ಸೇರಿಸಿಕೊಳ್ಳಿ. ಒಂದು ಸಪ್ತಕ ಆಯಿತು.

ಈಗ ಆ ಸಿನಿಮಾ ಹಾಡನ್ನು ಇದರ ಮೇಲೆ ಇಟ್ಟು ನೋಡೋಣ. ನಾನು ಸ್ವರ ಹುಡುಕಿ ನೋಡಿದಾಗ ಷಡ್ಜ, ಅಂದರೆ ಹಾಡಿನ ‘ಸ’, ಇದ್ದದ್ದು ಕಪ್ಪು ಎರಡರಲ್ಲಿ. ಪಲ್ಲವಿಯ ಕೊನೆಯಲ್ಲಿ ಒಂದು ಕಡೆ ಮಂದ್ರದ ಪಂಚಮಕ್ಕೆ (ಕೆಳಗಿನ ಸಪ್ತಕದ ‘ಪ’) ಇಳಿಯುತ್ತದೆ, ಅಂದರೆ ಸುಮಾರು 233 ಕಂಪನ. ಚರಣದ ಎರಡನೇ ಸಾಲಿನಲ್ಲಿ ತಾರ ಗಾಂಧಾರ (ಮೇಲಿನ ಸಪ್ತಕದ ‘ಗ’) ಮುಟ್ಟುತ್ತದೆ, ಅಲ್ಲಿ 784. ಇಳಿದಲ್ಲಿಂದ ಹತ್ತಿದಲ್ಲಿಗೆ ಒಂದೂ ಮುಕ್ಕಾಲು ಸಪ್ತಕ. ತಾಲೀಮು ಇರುವ ಗಾಯಕಿಗೆ ಅದು ನೀರು ಕುಡಿದಷ್ಟು ಸುಲಭ. ಮಕ್ಕಳಿಗೆ ಮೇಲೂ ಸಿಕ್ಕದು, ಕೆಳಗೂ ಸಿಕ್ಕದು.

ಶ್ರುತಿ ಇಳಿಸಿದರಾಯಿತು ಅಂತ ನನಗೂ ಮೊದಲು ಅನಿಸಿತ್ತು. ಫೋನಿನ ಆ್ಯಪಿನಲ್ಲಿ, ಕಪ್ಪು ಬಿಳಿ ಎರಡನ್ನೂ ಎಣಿಸಿ, ನಾಲ್ಕು ಮನೆ ಇಳಿಸಿದೆವು. ತುದಿ 784ರಿಂದ 622ಕ್ಕೆ ಬಂತು. ಇನ್ನೂ ಎತ್ತರವೇ. ಆದರೆ ತಳ 233ರಿಂದ 185ಕ್ಕೆ ಹೋಯಿತು. ಪಲ್ಲವಿಯೂ ಹೋಯಿತು! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಹಾಸಿಗೆಯೇ ಒಂದು ಸಪ್ತಕದ್ದು. ಹಾಡನ್ನು ಮೇಲೆ ಎಳೆದರೂ ಕೆಳಗೆ ಎಳೆದರೂ ಕಾಲು ಹೊರಗೇ ಇರುತ್ತದೆ. ಅಷ್ಟೂ ಸಾಲದು ಅಂತ ಟ್ರ್ಯಾಕಿನ ತಬಲಾ ಬಕೆಟ್ ಬಡಿದಂತೆ ಕೇಳಿಸತೊಡಗಿತು. ಅದಕ್ಕೂ ಕಾರಣ ಇದೆ. ಕ್ಯಾಸೆಟ್ ಕಾಲದಲ್ಲಿ ಟೇಪು ನಿಧಾನ ಮಾಡಿದರೆ ಶ್ರುತಿಯೂ ಇಳಿಯುತ್ತಿತ್ತು, ಓಟವೂ ಕುಂಟುತ್ತಿತ್ತು. ಈಗಿನ ಆ್ಯಪ್ ಓಟವನ್ನು ಹಾಗೇ ಉಳಿಸಿ ಶ್ರುತಿ ಮಾತ್ರ ಇಳಿಸುತ್ತದೆ. ಅದಕ್ಕಾಗಿ ಸದ್ದನ್ನು ಸಣ್ಣ ಸಣ್ಣ ಚೂರು ಮಾಡಿ ಮತ್ತೆ ಜೋಡಿಸುತ್ತದೆ. ಒಂದೆರಡು ಮನೆಯಾದರೆ ಕಿವಿಗೆ ಗೊತ್ತಾಗುವುದಿಲ್ಲ. ನಾಲ್ಕಾದರೆ ಮೊದಲು ಮರ್ಯಾದೆ ಕಳೆದುಕೊಳ್ಳುವುದು ತಾಳವಾದ್ಯ.

ಹುಡುಗಿಯ ಕುತ್ತಿಗೆ ನರ ಎದ್ದದ್ದರ ಬಗ್ಗೆಯೂ ಒಂದು ಮಾತು. ಮಾತಾಡುವ ದನಿಯನ್ನೇ ಹಿಡಿದುಕೊಂಡು ಮೇಲೆ ಹತ್ತಿದರೆ ಮಕ್ಕಳಿಗೆ ಬಿಳಿ ಆರು, ಬಿಳಿ ಏಳರ ಹತ್ತಿರ ಗೋಡೆ ಸಿಗುತ್ತದೆ. ಅಲ್ಲಿಂದ ಮೇಲೆ ದನಿಯ ಜಾತಿಯೇ ಬದಲಾಗಬೇಕು. ಎದೆಯಿಂದ ಬರುವ ಗಟ್ಟಿ ದನಿ ಬಿಟ್ಟು, ತಲೆಯಲ್ಲಿ ಗುಂಯ್‌ಗುಟ್ಟುವ ತೆಳು ದನಿಗೆ ಜಾರಬೇಕು. ಈ ಜಾರುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮ ಕರಾವಳಿ ಮಕ್ಕಳಿಗಂತೂ ಕೇಳಿ ಗೊತ್ತಿರುವುದು ಗಂಟಲು ಬಿಟ್ಟು ಹಾಡುವುದು. ರಾತ್ರಿಯಿಡೀ ಚಂಡೆಯ ಮೇಲೆ ದನಿ ಏರಿಸುವ ಭಾಗವತರನ್ನು ನೋಡಿ ಬೆಳೆದವರು. ಭಾಗವತರಿಗೆ ವರ್ಷಗಳ ಪಳಗಿಕೆ ಇರುತ್ತದೆ ಅನ್ನುವುದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಜೋರಾಗಿ ಹಾಡಿದರೆ ಮೇಲೆ ಹೋಗುತ್ತದೆ ಅಂದುಕೊಂಡು ಗೋಡೆಗೆ ಹೋಗಿ ಗುದ್ದುತ್ತಾರೆ.

ಹಾಗಾದರೆ ಸಿನಿಮಾದವರು ಮಕ್ಕಳ ಹಾಡನ್ನು ಇಷ್ಟು ಅಗಲ ಯಾಕೆ ಮಾಡುತ್ತಾರೆ? ಸಿನಿಮಾ ಹಾಡಿನ ನಡಿಗೆಯೇ ಹಾಗಿದೆ. ಪಲ್ಲವಿ ನಡುವಿನ ಸಪ್ತಕದಲ್ಲಿ ಓಡಾಡಿಕೊಂಡಿರುತ್ತದೆ. ನಡುವೆ ವಾದ್ಯ. ಆಮೇಲೆ ಚರಣ ಪಂಚಮದ ಹತ್ತಿರ ಶುರುವಾಗಿ ತಾರ ಷಡ್ಜ ದಾಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಮತ್ತೆ ಪಲ್ಲವಿಗೆ ಬರುತ್ತದೆ. ಆ ಏರಿಕೆಯಲ್ಲೇ ಕೇಳುವವರ ಮೈ ಜುಮ್ಮೆನ್ನುವುದು. ದೊಡ್ಡವರ ಪ್ರೇಮಗೀತೆಗೆ ಮಾಡಿದ ಈ ಅಚ್ಚಿನಲ್ಲೇ ಮಕ್ಕಳ ಹಾಡನ್ನೂ ಎರಕ ಹೊಯ್ಯುತ್ತಾರೆ. ಕಥೆಯಲ್ಲಿ ಮಗು ಊರು ಬಿಟ್ಟು ಹೋಗುತ್ತಿದ್ದರೆ ಸಂಗೀತ ನಿರ್ದೇಶಕರಿಗೆ ಆ ಏರಿಕೆ ಬೇಕೇ ಬೇಕು.

ಎರಡನೇ ಕಾರಣ, ಆ ಹಾಡನ್ನು ಯಾರೂ ಒಂದೇ ಉಸಿರಿನಲ್ಲಿ, ನಿಂತ ನಿಲುವಿನಲ್ಲಿ ಹಾಡಿಲ್ಲ. ಸಿನಿಮಾದಲ್ಲಿ ಸಾಮಾನ್ಯವಾಗಿ ಹಾಡು ಮೊದಲು, ಚಿತ್ರೀಕರಣ ಆಮೇಲೆ. ಸ್ಟುಡಿಯೋದಲ್ಲಿ ಹಾಡು ಮುಗಿಸಿ, ಆ ಧ್ವನಿಯನ್ನು ಶೂಟಿಂಗ್ ಜಾಗದಲ್ಲಿ ಜೋರಾಗಿ ಹಾಕಿ, ಅದಕ್ಕೆ ಮಕ್ಕಳಿಂದ ತುಟಿ ಆಡಿಸುತ್ತಾರೆ. ಸ್ಟುಡಿಯೋದಲ್ಲಿ ಕಿವಿಗೆ ಹೆಡ್‌ಫೋನ್, ಅದರಲ್ಲಿ ಟಕ್ ಟಕ್ ಅಂತ ಲಯ ಹೇಳುವ ಕ್ಲಿಕ್. ಸಾಲು ಸಾಲಾಗಿ, ಕೆಲವೊಮ್ಮೆ ಪದ ಪದವಾಗಿ ಹಾಡಿಸುತ್ತಾರೆ. ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಿತ್ತು ಮತ್ತೆ ಹಾಡಿಸುತ್ತಾರೆ. ಉಸಿರು ಎಳೆದ ಸದ್ದನ್ನು ಬೇಕಾದರೆ ತೆಗೆಯುತ್ತಾರೆ. ಸ್ವರ ಚೂರು ಕೆಳಗೆ ನಿಂತಿದ್ದರೆ ಕಂಪ್ಯೂಟರಿನಲ್ಲಿ ಎತ್ತಿ ಕೂರಿಸುತ್ತಾರೆ. ನಾಲ್ಕು ಮಕ್ಕಳನ್ನು ನಾಲ್ಕು ಸಲ ಹಾಡಿಸಿ ಒಂದರ ಮೇಲೊಂದು ಇಟ್ಟರೆ ಹದಿನಾರು ಮಕ್ಕಳ ಗುಂಪು ತಯಾರು. ನಮ್ಮ ಹನ್ನೆರಡು ಮಕ್ಕಳು ಪೈಪೋಟಿಗೆ ನಿಂತದ್ದು ಇಂಥದ್ದರ ಜೊತೆ.

ಮೂರನೆಯದು, ಕೇಳಿಸುವ ಮಗುವಿನ ದನಿ ಮಗುವಿನದೇ ಆಗಿರಬೇಕು ಅಂತಿಲ್ಲ. ಚಿಕ್ಕ ಹುಡುಗರಿಗೆ ಹೆಂಗಸರು ಹಿನ್ನೆಲೆ ಹಾಡುವುದು ನಮ್ಮ ಸಿನಿಮಾದಲ್ಲಿ ಹಳೆಯ ಪದ್ಧತಿ. ಎಸ್. ಜಾನಕಿ ಅವರಂತೂ ಮಗುವಿನ ದನಿ ಮಾಡಿ ಹಾಡುವುದಕ್ಕೇ ಹೆಸರಾದವರು. ನಾಲಿಗೆ ಮುಂದಕ್ಕೆ ತಂದು, ಬಾಯಿ ಸಣ್ಣ ಮಾಡಿ, ಗಂಟಲು ಎತ್ತಿ ಹಿಡಿದರೆ ದನಿಯ ಬಣ್ಣ ಮಗುವಿನದಾಗುತ್ತದೆ. ಉಸಿರು, ಸ್ವರದ ಹಿಡಿತ ಎಲ್ಲಾ ದೊಡ್ಡವರದೇ. ನಮ್ಮ ಮಕ್ಕಳು ಆ ಬಣ್ಣ ಕೇಳಿ ‘ಇದು ನಮ್ಮಂಥವರದೇ ದನಿ’ ಅಂತ ನಂಬುತ್ತಾರೆ.

ಇದಕ್ಕೆ ವಿರುದ್ಧದ ದಾರಿಯೂ ಇದೆ. 1985ರ ‘ಬೆಟ್ಟದ ಹೂವು’ ಸಿನಿಮಾದಲ್ಲಿ ಪುನೀತ್ ತನ್ನ ಪಾತ್ರಕ್ಕೆ ತಾನೇ ಹಾಡಿದ. ಆಗ ಅವನಿಗೆ ಹತ್ತರ ಆಸುಪಾಸಿನ ವಯಸ್ಸು. ಸಂಗೀತ ರಾಜನ್-ನಾಗೇಂದ್ರ ಅವರದು. ಹಿಂದಿಯಲ್ಲಿ 1983ರ ‘ಮಾಸೂಮ್’ ಸಿನಿಮಾದ ಮರದ ಕುದುರೆಯ ಹಾಡನ್ನು ಆರ್. ಡಿ. ಬರ್ಮನ್ ಮೂವರು ಹುಡುಗಿಯರಿಂದಲೇ ಹಾಡಿಸಿದರು. ಮಕ್ಕಳೇ ಹಾಡಬೇಕು ಅಂತಾದಾಗ ಸಂಗೀತ ನಿರ್ದೇಶಕರ ಕೈ ತಾನಾಗಿ ಬಿಗಿಯಾಗುತ್ತದೆ. ಸಾಲು ಗಿಡ್ಡ, ಏರಿಳಿತ ಕಮ್ಮಿ, ಉಸಿರಿಗೆ ಜಾಗ. ಇಂಥ ಹಾಡುಗಳು ನಲವತ್ತು ವರ್ಷ ಆದಮೇಲೂ ಶಾಲೆಗಳಲ್ಲಿ ಓಡಾಡಿಕೊಂಡಿವೆ. ಇದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಏರಿಳಿತದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಮಾತ್ರೆ. ಶಾಲೆಯಲ್ಲಿ ಲಘು ಗುರು ಅಂತ ಗೀಚಿದ್ದು ನೆನಪಿದೆಯಲ್ಲ, ಅದೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಪರೀಕ್ಷೆಗೆ ಬೇಸರ ಹುಟ್ಟಿಸಿದ ಈ ಲೆಕ್ಕ ಹಾಡು ಕೂರಿಸುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಸಾಲು ನಾನೇ ಕಟ್ಟುತ್ತೇನೆ: ‘ಕಡಲಿನ ದಂಡೆಗೆ ಓಡಿದ ಪುಟ್ಟಾ’. ಕ-ಡ-ಲಿ-ನ ನಾಲ್ಕು. ದಂ-ಡೆ-ಗೆ, ಎರಡು ಒಂದು ಒಂದು, ನಾಲ್ಕು. ಓ-ಡಿ-ದ ನಾಲ್ಕು. ಪುಟ್-ಟಾ ನಾಲ್ಕು. ನಾಲ್ಕರ ನಾಲ್ಕು ಹೆಜ್ಜೆ, ಒಟ್ಟು ಹದಿನಾರು. ಚಪ್ಪಾಳೆ ತಟ್ಟುತ್ತಾ ಹೇಳಿ, ಕಾಲು ತಾನಾಗಿ ನಡೆಯುತ್ತದೆ. ‘ಮಳೆಯು ಬಂತು, ಕೊಡೆಯು ಎಲ್ಲಿ’ ಅನ್ನಿ. ಇಲ್ಲಿ ಮೂರು ಮೂರು. ಇದು ಕುಣಿಯುವ ನಡೆ, ಮಕ್ಕಳಿಗೆ ಇದೂ ಸಲೀಸು. ‘ದೋಣಿಯಲಿ ಕೂತ ಮರಿ’ ಐದು ಐದು. ಕುಂಟಾಬಿಲ್ಲೆ ಆಡಿದ ಹಾಗೆ. ‘ಗಂಟೆ ಬಾರಿಸಿ ಬಸ್ಸು ಬಂದಿತು’ ಮೂರು-ನಾಲ್ಕು ಮೂರು-ನಾಲ್ಕು, ಏಳರ ನಡೆ. ಭಾಮಿನಿ ಷಟ್ಪದಿಯ ಓಟ ಇದೇ. ಯಕ್ಷಗಾನ ಕೇಳಿದ ಕಿವಿಗೆ ಏಳು ಹೊಸದೇನಲ್ಲ, ಆದರೆ ಹನ್ನೆರಡು ಮಕ್ಕಳು ಒಟ್ಟಿಗೆ ಏಳರಲ್ಲಿ ಹಾಡಿದರೆ ಮೂರನೇ ಸುತ್ತಿಗೆ ಯಾರೋ ಒಬ್ಬರು ಎಂಟು ಮಾಡಿರುತ್ತಾರೆ.

ಮಕ್ಕಳ ಪದ್ಯ ಬರೆದು ಗೆದ್ದವರನ್ನು ನೋಡಿ. ಅಂಕೋಲೆಯ ದಿನಕರ ದೇಸಾಯಿ (1909–1982) ಅವರನ್ನು ಎಲ್ಲರೂ ಚುಟುಕದಿಂದ ಗುರುತಿಸುತ್ತಾರೆ. ಆದರೆ ಗಡಿಯಾರದ ಮೇಲಿನ ಅವರ ಮಕ್ಕಳ ಪದ್ಯ ಬಾರದ ಮನೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಅದು ಶುದ್ಧ ನಾಲ್ಕರ ನಡೆ. ಗಡಿಯಾರದ ಟಿಕ್ ಟಿಕ್ ಜೊತೆ ಹೇಳಿದರೂ ಒಂದು ಅಕ್ಷರ ಜಾರುವುದಿಲ್ಲ. ಅದಕ್ಕೆ ಯಾರೂ ಟ್ಯೂನ್ ಹಾಕಿಕೊಡಬೇಕಾಗಿರಲಿಲ್ಲ, ಪದ್ಯದ ಒಳಗೇ ಟ್ಯೂನ್ ಇತ್ತು. ಸಿನಿಮಾದಲ್ಲಿ ಜಾಸ್ತಿ ನಡೆಯುವುದು ಇದರ ಉಲ್ಟಾ. ಮೊದಲು ಟ್ಯೂನ್, ಅದಕ್ಕೆ ‘ಲಾಲಲಾ’ ಅಂತ ಡಮ್ಮಿ ಪದ, ಆಮೇಲೆ ಕವಿ ಬಂದು ಆ ಅಳತೆಗೆ ಕನ್ನಡ ಹೊಲಿಯಬೇಕು. ಎಳೆದ ಸ್ವರಕ್ಕೆ ಹ್ರಸ್ವ ಅಕ್ಷರ ಸಿಕ್ಕಿಬಿದ್ದರೆ ‘ಮನೆ’ ಹೋಗಿ ‘ಮನೇಏ’ ಆಗುತ್ತದೆ. ದೊಡ್ಡವರು ಹೇಗೋ ನುಂಗಿಕೊಂಡು ಹಾಡುತ್ತಾರೆ. ಮಕ್ಕಳು ನುಂಗುವುದಿಲ್ಲ, ಅಲ್ಲೇ ಎಡವುತ್ತಾರೆ. 1993ರ ‘ಚಿನ್ನಾರಿ ಮುತ್ತ’ ಸಿನಿಮಾಕ್ಕೆ ಹಾಡು ಬರೆದವರು ಎಚ್. ಎಸ್. ವೆಂಕಟೇಶಮೂರ್ತಿ, ಸಂಗೀತ ಸಿ. ಅಶ್ವತ್ಥ್. ಒಬ್ಬರು ಮಕ್ಕಳಿಗೆ ಪದ್ಯ, ನಾಟಕ ಬರೆದವರು, ಇನ್ನೊಬ್ಬರು ಭಾವಗೀತೆಗಳಿಗೆ ರಾಗ ಹಾಕಿ ಪಳಗಿದವರು. ಆ ಹಾಡುಗಳಲ್ಲಿ ಪದ ಮತ್ತು ರಾಗ ಒಂದನ್ನೊಂದು ತಳ್ಳುವುದಿಲ್ಲ. ಅದನ್ನು ಕಿವಿಯೇ ಹೇಳುತ್ತದೆ.

ಉಸಿರಿನ ಲೆಕ್ಕವನ್ನೂ ಮಾಡಿಬಿಡೋಣ. ಏಳು ವರ್ಷದ ಮಗು ಪೂರ್ತಿ ಉಸಿರೆಳೆದು ಬಿಟ್ಟರೆ ಹೊರಬರುವುದು ಒಂದೂವರೆ ಲೀಟರ್ ಆಸುಪಾಸು. ದೊಡ್ಡವರದು ಅದರ ಎರಡು ಮೂರು ಪಟ್ಟು. ಹದಿನಾರು ಮಾತ್ರೆಯ ಸಾಲನ್ನು ಸೆಕೆಂಡಿಗೆ ನಾಲ್ಕರಂತೆ ಹಾಡಿದರೆ ನಾಲ್ಕು ಸೆಕೆಂಡು. ಏನೂ ತೊಂದರೆಯಿಲ್ಲ. ಅದೇ ಸಾಲನ್ನು ಸೆಕೆಂಡಿಗೆ ಎರಡರಂತೆ ಎಳೆದರೆ ಎಂಟು ಸೆಕೆಂಡು, ನಡುವೆಯೇ ಉಸಿರು ಖಾಲಿ. ಲಾಲಿ ಹಾಡು, ಅಮ್ಮನ ನೆನಪಿನ ಹಾಡು ಸುಲಭ ಅಂತ ಟೀಚರುಗಳು ಆರಿಸಿಕೊಳ್ಳುತ್ತಾರಲ್ಲ, ಅಲ್ಲಿ ಏರಿಳಿತ ಕಮ್ಮಿ ಇದ್ದರೂ ಉಸಿರು ಕೈಕೊಡುತ್ತದೆ. ಸಿನಿಮಾದಲ್ಲಿ ಅಜ್ಜನೋ ದಾರಿಹೋಕನೋ ಹಾಡುವ ಬದುಕಿನ ತತ್ವದ ಹಾಡು ಒಂದಿರುತ್ತದೆ. ಅದು ಟಿಕೆಟ್ ತೆಗೆಸಿದ ಅಪ್ಪ ಅಮ್ಮನಿಗೆ. ಅದನ್ನು ಮಕ್ಕಳ ಕೈಲಿ ಹಾಡಿಸುವ ಆಸೆ ಬಿಟ್ಟುಬಿಡುವುದು ಒಳ್ಳೆಯದು.

ತುದಿಯ ಸ್ವರದಲ್ಲಿ ಯಾವ ಅಕ್ಷರ ಕೂತಿದೆ ಅನ್ನುವುದನ್ನೂ ನೋಡಬೇಕು. ‘ಆ’ ಅಂದಾಗ ಬಾಯಿ ಪೂರ್ತಿ ತೆರೆದಿರುತ್ತದೆ, ಗಂಟಲು ಸಡಿಲವಾಗಿರುತ್ತದೆ. ‘ಈ’ ಅಂದರೆ ಬಾಯಿ ಹಿಂಡುತ್ತದೆ. ನಮ್ಮ ಆ ಚರಣದಲ್ಲಿ ತಾರ ಗಾಂಧಾರಕ್ಕೆ ಕೂತಿದ್ದದ್ದು ‘ನೀ’. ಸಾಲದ್ದಕ್ಕೆ ಅದರ ಹಿಂದೆಯೇ ಒಂದು ಒತ್ತಕ್ಷರ. ಪಾಪ ಆ ಹುಡುಗಿ!

ಕೊನೆಗೆ ಹೋದ ವರ್ಷ ನಾವು ಮಾಡಿದ್ದು ಭಜನೆಯ ಉಪಾಯ. ಕರೋಕೆ ಬಿಟ್ಟೆವು. ಹಾರ್ಮೋನಿಯಂ ಇತ್ತು, ಒಬ್ಬರು ಗುಮಟೆ ತಂದರು, ಮಡಕೆಗೆ ಚರ್ಮ ಬಿಗಿದು ಬಾರಿಸುವ ವಾದ್ಯ. ಪಲ್ಲವಿ ಮಕ್ಕಳಿಗೆ, ಚರಣ ಟೀಚರಿಗೆ. ಚರಣದ ಪ್ರತಿ ಸಾಲು ಮುಗಿದಾಗ ಮಕ್ಕಳು ಪಲ್ಲವಿಯ ಮೊದಲ ಎರಡು ಪದ ಎತ್ತಿಕೊಳ್ಳುವುದು. ಒಬ್ಬರು ಹೇಳಿ, ಉಳಿದವರು ಸೊಲ್ಲು ಎತ್ತುವ ಈ ಕ್ರಮ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಂದಾಳು ಹಾಡುವಾಗ ಗುಂಪಿಗೆ ಉಸಿರು, ಗುಂಪು ಹಾಡುವಾಗ ಮುಂದಾಳಿಗೆ ಉಸಿರು. ಯಾರ ಗಂಟಲೂ ಕಟ್ಟಲಿಲ್ಲ.

ಗುಮಟೆಯ ಮಡಕೆಗೆ ಮಾತ್ರ ಗ್ಯಾದರಿಂಗಿನ ಗಲಾಟೆಯಲ್ಲಿ ಯಾರದೋ ಕಾಲು ತಾಗಿ ಬಿರುಕು ಬಿಟ್ಟಿತು. ಅದು ಬೇರೆ ಕಥೆ.

ಇನ್ನೊಂದು ಸಣ್ಣ ವಿಷಯ, ಜನ ಕೇಳುತ್ತಾ ಇರುತ್ತಾರೆ. ಇದನ್ನೆಲ್ಲ ಮಾಡಲು ಅನುಮತಿ ಬೇಡವಾ ಅಂತ. ಒಂದು ಸಿನಿಮಾ ಹಾಡಿನಲ್ಲಿ ಮೂರು ಬೇರೆ ಬೇರೆ ಹಕ್ಕುಗಳಿವೆ: ಸಾಹಿತ್ಯದ್ದು, ರಾಗ ಸಂಯೋಜನೆಯದ್ದು, ಧ್ವನಿಮುದ್ರಣದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಾಲೆಯ ಮಕ್ಕಳು, ಸಿಬ್ಬಂದಿ ಶಾಲೆಯ ಕಾರ್ಯಕ್ರಮದಲ್ಲಿ ಹಾಡುವುದಕ್ಕೆ ವಿನಾಯಿತಿ ಇದೆ. ಆದರೆ ನೋಡುವವರು ಮಕ್ಕಳು, ಶಿಕ್ಷಕರು, ಪಾಲಕರು, ಶಾಲೆಗೆ ಸಂಬಂಧಪಟ್ಟವರು ಇಷ್ಟೇ ಇರಬೇಕು. ನಮ್ಮ ಗ್ಯಾದರಿಂಗಿಗೆ ಊರಿಗೆ ಊರೇ ಬರುತ್ತದೆ ಅನ್ನೋದು ಹೌದು, ಆದರೆ ಊರಿನಲ್ಲಿ ಪಾಲಕರಲ್ಲದವರು ಯಾರಿದ್ದಾರೆ ಹೇಳಿ! ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ಕರೋಕೆ ಹಾಕಿ ಕುಣಿದ ವಿಡಿಯೋಗಳು ಆಮೇಲೆ ಮೂಕಚಿತ್ರ ಆಗುವುದು ಇದಕ್ಕೇ. 2012ರ ತಿದ್ದುಪಡಿ ಆದಮೇಲೆ ಕವಿ ಮತ್ತು ಸಂಗೀತ ನಿರ್ದೇಶಕರು ತಮ್ಮ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡುವ ಹಾಗಿಲ್ಲ. ನನ್ನ ಲೆಕ್ಕದಲ್ಲಿ ತೀರಾ ತಡವಾಗಿ ಬಂದ ನ್ಯಾಯ.

ಈ ವರ್ಷ ಹಾಡು ಆರಿಸುವಾಗ ನಾನು ಮೊದಲೇ ಹೋಗಿ ಕೂತೆ. ಮಕ್ಕಳು ನಾಲ್ಕು ಹಾಡು ಹೇಳಿದರು. ಒಂದೊಂದರದ್ದೂ ತಳ ಎಲ್ಲಿ, ತುದಿ ಎಲ್ಲಿ ಅಂತ ಹಾರ್ಮೋನಿಯಂ ಮನೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಎರಡು ಹಾಡು ಅಲ್ಲೇ ಬಿದ್ದವು. ಮೂರನೆಯದರಲ್ಲಿ ಏರಿಳಿತ ಸರಿ ಇತ್ತು, ಸಾಲು ಉದ್ದ. ನಾಲ್ಕನೆಯದು ಹಳೆಯದೊಂದು ಮಕ್ಕಳ ಸಿನಿಮಾದ್ದು. ನಾಲ್ಕರ ನಡೆ, ತಳದಿಂದ ತುದಿಗೆ ಎಂಟು ಬಿಳಿ ಮನೆ, ತುದಿಯಲ್ಲಿ ‘ಬಾ’. ಷಡ್ಜವನ್ನು ಬಿಳಿ ಒಂದಕ್ಕೆ ಇಟ್ಟುಕೊಂಡೆವು.

ಮೊನ್ನೆ ನಾಲ್ಕು ಗಂಟೆಯ ಬಸ್ಸಿಗೆ ಮುಂಚೆ ಒಂದು ಸುತ್ತು ಹಾಡಿಸಿದೆ. ಹೋದ ವರ್ಷದ ಆ ಹುಡುಗಿ ಈಗ ಐದನೇ ಕ್ಲಾಸು, ಅದೇ ಮುಂದಿನ ಸಾಲು. ಚರಣದ ತುದಿ ಬಂತು. ಅವಳು ಒಂದು ಕಾಲಿನ ಹೆಬ್ಬೆರಳಿನಿಂದ ಇನ್ನೊಂದು ಕಾಲಿನ ಸೊಳ್ಳೆ ಕಡಿತ ಕೆರೆದುಕೊಳ್ಳುತ್ತಾ, ಕಿಟಕಿಯಾಚೆ ಬಸ್ಸು ಬಂತಾ ಅಂತ ನೋಡುತ್ತಾ ‘ಬಾ’ ಅಂದಳು.